ಸಂಖ್ಯೆ ಬಂತು, ನಂಬಬಹುದಾ? ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಓದುವ ಒಂದು ಕಮಾಂಡ್ ಲೈನ್ ಟೂಲ್

ಪರದೆ ನೋಡಿ. ಒಂದೇ ಸಾಲು. ಎಡಕ್ಕೆ ಸಮಯ, ಬಲಕ್ಕೆ 852 ಅಂತ ಒಂದು ಸಂಖ್ಯೆ. ಮೇಜಿನ ಮೇಲಿರುವ ಈ ಪುಟ್ಟ ಸೆನ್ಸರ್ ಹೇಳುತ್ತಿರುವುದು ಇಷ್ಟೇ: ಈ ಹಾಲ್‌ನ ಗಾಳಿಯಲ್ಲಿ ಹತ್ತು ಲಕ್ಷ ಅಣುಗಳನ್ನು ಎಣಿಸಿದರೆ ಅದರಲ್ಲಿ 852 ಕಾರ್ಬನ್ ಡೈಆಕ್ಸೈಡ್. ಇದನ್ನೇ ಪಿಪಿಎಂ ಅನ್ನುವುದು. ಐದು ಸೆಕೆಂಡಿಗೊಮ್ಮೆ ಕೆಳಗೆ ಹೊಸ ಸಾಲು ಸೇರುತ್ತಾ ಹೋಗುತ್ತದೆ. ಅದು ಓಡುತ್ತಿರಲಿ, ನಾವು ಮಾತಾಡೋಣ.

ಈ ಸಾಲನ್ನು ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆಯುವುದು ಕಷ್ಟವೇನಲ್ಲ. ಸೆನ್ಸರ್‌ಗೆ ಕೆಲವು ಬೈಟ್ (0ಯಿಂದ 255ರವರೆಗಿನ ಸಂಖ್ಯೆಗಳು) ಕಳಿಸಬೇಕು, ಕೆಲವು ಬೈಟ್ ವಾಪಸ್ ಓದಬೇಕು. ಒಂದು ಗುಣಾಕಾರ, ಒಂದು ಕೂಡುವ ಲೆಕ್ಕ. ಒಂದು ಸಂಜೆಯಲ್ಲಿ ಮುಗಿಯುತ್ತದೆ. ನಂಬಬಹುದಾದ ಸಂಖ್ಯೆಯನ್ನು ಮಾತ್ರ ಪ್ರಿಂಟ್ ಮಾಡಿ, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರುವ ಪ್ರೋಗ್ರಾಂ ಬರೆಯುವುದಕ್ಕೆ ಮಾತ್ರ ಜಾಸ್ತಿ ದಿನ ಬೇಕು. ಆ ಜಾಸ್ತಿ ದಿನಗಳಲ್ಲಿ ಏನೇನು ಎದುರಾಗುತ್ತದೆ ಅನ್ನುವುದೇ ಇವತ್ತಿನ ಮಾತು.

ಕಮಾಂಡ್ ಲೈನ್, ಅಂದರೆ ಆಜ್ಞೆ ಟೈಪ್ ಮಾಡಿ ಓಡಿಸುವ ಟೂಲ್, ಯಾಕೆ ಅಂತ ಕೆಲವರಿಗೆ ಅನಿಸಬಹುದು. ಪರದೆ ಇರುವ ಡಬ್ಬಿಗಳು ಸಿಗುತ್ತವೆ, ಫೋನ್ ಆ್ಯಪ್‌ಗಳೂ ಇವೆ. ಆ ಡಬ್ಬಿ ಈಗಿನ ಸಂಖ್ಯೆಯನ್ನು ತೋರಿಸುತ್ತದೆ, ರಾತ್ರಿ ಮೂರು ಗಂಟೆಗೆ ಎಷ್ಟಿತ್ತು ಅಂತ ಕೇಳಿದರೆ ಸುಮ್ಮನಿರುತ್ತದೆ. ಆ್ಯಪ್ ಮೊದಲು ಅಕೌಂಟ್ ತೆರೆಯಿರಿ ಅನ್ನುತ್ತದೆ. ಒಂದು ಸಾಲು ಟೆಕ್ಸ್ಟ್ ಸಿಕ್ಕರೆ ಅದನ್ನು ಫೈಲಿಗೆ ಸೇರಿಸಬಹುದು, ಗ್ರಾಫ್ ಮಾಡಬಹುದು, ಇನ್ನೊಂದು ಪ್ರೋಗ್ರಾಂಗೆ ದಾಟಿಸಬಹುದು. ಯುನಿಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಹೀಗೆ ದಾಟಿಸುವುದಕ್ಕೇ 1973ರಿಂದ ಪೈಪ್ ಇದೆ. ಅವತ್ತಿನಿಂದ ಇವತ್ತಿನವರೆಗೆ ಅದಕ್ಕಿಂತ ಸುಲಭದ ಜೋಡಣೆ ನನಗಂತೂ ಕಂಡಿಲ್ಲ.

ಮೊದಲು ಸೆನ್ಸರ್ ಒಳಗೆ ಏನಾಗುತ್ತಿದೆ ನೋಡೋಣ. ಅದು ಗೊತ್ತಿಲ್ಲದಿದ್ದರೆ ಸಂಖ್ಯೆ ಯಾವಾಗ ಸುಳ್ಳು ಹೇಳುತ್ತದೆ ಅಂತಲೂ ಗೊತ್ತಾಗುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ನಮ್ಮ ಕಣ್ಣಿಗೆ ಪೂರ್ತಿ ಪಾರದರ್ಶಕ. ಆದರೆ ಇನ್‌ಫ್ರಾರೆಡ್ ಬೆಳಕಿನಲ್ಲಿ, 4.26 ಮೈಕ್ರಾನ್ ತರಂಗದ ಹತ್ತಿರ, ಅದು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. 1856ರಲ್ಲಿ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಮಾಮೂಲಿ ಗಾಳಿಗಿಂತ ಜಾಸ್ತಿ ಬಿಸಿಯಾಯಿತು. 1859ರಲ್ಲಿ ಜಾನ್ ಟಿಂಡಾಲ್ ಅದು ಶಾಖದ ಕಿರಣಗಳನ್ನು ಹೀರುತ್ತದೆ ಅಂತ ಅಳೆದು ತೋರಿಸಿದರು. ಇವತ್ತು ಈ ಮೇಜಿನ ಮೇಲಿರುವುದು ಅದೇ ಪ್ರಯೋಗ, ಬೆರಳಿನಷ್ಟು ಜಾಗದಲ್ಲಿ. ಒಂದು ತುದಿಯಲ್ಲಿ ಇನ್‌ಫ್ರಾರೆಡ್ ದೀಪ, ನಡುವೆ ಗಾಳಿ ಓಡಾಡುವ ಪುಟ್ಟ ಕೋಣೆ, ಇನ್ನೊಂದು ತುದಿಯಲ್ಲಿ ಆ ಒಂದು ತರಂಗವನ್ನಷ್ಟೇ ಬಿಡುವ ಫಿಲ್ಟರ್, ಅದರ ಹಿಂದೆ ಡಿಟೆಕ್ಟರ್. ಬೆಳಕು ಎಷ್ಟು ಕಡಿಮೆಯಾಗಿ ತಲುಪಿತು ಅನ್ನುವುದರಿಂದ ಅನಿಲ ಎಷ್ಟಿದೆ ಅಂತ ಲೆಕ್ಕ. ಈ ವಿಧಾನಕ್ಕೆ ಎನ್‌ಡಿಐಆರ್ ಅಂತ ಹೆಸರು.

ಇನ್ನೊಂದು ಬಗೆಯೂ ಇದೆ. ಅದರಲ್ಲಿ ಬೆಳಕನ್ನು ಮಿಟುಕಿಸುತ್ತಾರೆ. ಅನಿಲ ಬೆಳಕು ಹೀರಿ ಬಿಸಿಯಾಗಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಆ ಹಿಗ್ಗು ಕುಗ್ಗಿನ ಸದ್ದನ್ನು ಒಳಗಿರುವ ಮೈಕ್ರೊಫೋನ್ ಕೇಳಿಸಿಕೊಳ್ಳುತ್ತದೆ! ಸೆನ್ಸಿರಿಯನ್ ಕಂಪನಿಯ ಎಸ್‌ಸಿಡಿ40, ಎಸ್‌ಸಿಡಿ41 ಇದೇ ಬಗೆ. ಅನಿಲದ ಸದ್ದು ಕೇಳಿ ಎಷ್ಟಿದೆ ಅಂತ ಹೇಳುವುದು ನನಗೆ ಈಗಲೂ ಸೋಜಿಗ. ಟೂಲ್‌ಗೆ ಮಾತ್ರ ಅದರಿಂದ ವ್ಯತ್ಯಾಸವಿಲ್ಲ, ಅದಕ್ಕೆ ಸಿಗುವುದು ಬೈಟ್‌ಗಳಷ್ಟೇ.

ವ್ಯತ್ಯಾಸ ಆಗುವುದು ಮೂರನೇ ಬಗೆಯಲ್ಲಿ. ಸಿಸಿಎಸ್811, ಎಸ್‌ಜಿಪಿ30 ಅಂತ ಕೆಲವು ಚಿಪ್‌ಗಳಿವೆ. ಅಗ್ಗ, ಉಗುರಿನಷ್ಟು ಚಿಕ್ಕವು. ಇವು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಗಾಳಿಯಲ್ಲಿರುವ ಆವಿಯಾಗುವ ಸಾವಯವ ಅನಿಲಗಳನ್ನು ನೋಡಿ, ಇಷ್ಟು ಅನಿಲ ಇದ್ದರೆ ಮನುಷ್ಯರು ಇದ್ದಾರೆ, ಮನುಷ್ಯರು ಇದ್ದರೆ ಕಾರ್ಬನ್ ಡೈಆಕ್ಸೈಡ್ ಇಷ್ಟಿರಬಹುದು ಅಂತ ಊಹಿಸಿ ಒಂದು ಸಂಖ್ಯೆ ಕೊಡುತ್ತವೆ. ಪಕ್ಕದಲ್ಲಿ ಸ್ಪಿರಿಟ್ ಬಾಟಲಿ ತೆರೆದರೂ ಸಂಖ್ಯೆ ಜಿಗಿಯುತ್ತದೆ, ಜನ ಒಬ್ಬರೂ ಇಲ್ಲದಿದ್ದರೂ. ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರ ವಿವರದ ಪತ್ರದಲ್ಲಿ, ಹೆಸರಿಗೆ 'ಸಮಾನ' ಅನ್ನುವ ಅರ್ಥದ ಒಂದು ಸಣ್ಣ 'ಇ' ಅಥವಾ 'ಇಕ್ಯೂ' ಅಂಟಿರುತ್ತದೆ ಅಷ್ಟೇ. ನನ್ನ ಟೂಲ್ ಈ ಚಿಪ್‌ಗಳನ್ನು ಗುರುತಿಸುತ್ತದೆ, ಓದುವುದಿಲ್ಲ. ಸೇರಿಸಿ ಅಂತ ಕೇಳಿದವರಿದ್ದಾರೆ. ಸೇರಿಸುವುದು ಕಷ್ಟ ಅಲ್ಲ. ಆದರೆ ಒಮ್ಮೆ ಫೈಲಿಗೆ ಬಿದ್ದ ಮೇಲೆ ಊಹೆಯ 900 ಯಾವುದು, ಅಳತೆಯ 900 ಯಾವುದು ಅಂತ ಯಾರಿಗೆ ಗೊತ್ತಾಗುತ್ತದೆ?

ಈಗ ಸಂಖ್ಯೆಗಳ ಅಂದಾಜು. ಕೈಗಾರಿಕೆಗಳು ಶುರುವಾಗುವ ಮುಂಚೆ ಹೊರಗಿನ ಗಾಳಿಯಲ್ಲಿ ಸುಮಾರು 280 ಪಿಪಿಎಂ ಇತ್ತು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ನಾವು ಬಿಡುವ ಉಸಿರಿನಲ್ಲಿ ಶೇಕಡಾ 4ರ ಆಸುಪಾಸು, ಅಂದರೆ 40,000 ಪಿಪಿಎಂ. ಅದಕ್ಕೇ ಮುಚ್ಚಿದ ಕೋಣೆಯಲ್ಲಿ ಸಂಖ್ಯೆ ಅಷ್ಟು ಬೇಗ ಏರುವುದು. ಒಂದು ಲೆಕ್ಕ ಹಾಕಿ. ನಾಲ್ಕು ಮೀಟರ್ ಉದ್ದ, ಮೂರು ಅಗಲ, ಎರಡೂವರೆ ಎತ್ತರದ ಕೋಣೆ. 30 ಘನ ಮೀಟರ್, ಅಂದರೆ 30,000 ಲೀಟರ್ ಗಾಳಿ. ಸುಮ್ನೆ ಕೂತಿರುವ ಒಬ್ಬ ದೊಡ್ಡವರು ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. 18ನ್ನು 30,000ದಿಂದ ಭಾಗಿಸಿ. ಗಂಟೆಗೆ 600 ಪಿಪಿಎಂ. ಗಾಳಿ ಒಂದಿಷ್ಟೂ ಆಡದಿದ್ದರೆ 420ರಲ್ಲಿ ಶುರುವಾದದ್ದು ಒಂದೇ ಗಂಟೆಯಲ್ಲಿ 1020. ಅದೇ ಕೋಣೆಗೆ ಗಂಟೆಗೆ 30 ಘನ ಮೀಟರ್ ಹೊರಗಿನ ಗಾಳಿ ಬರುತ್ತಿದ್ದರೆ, ಎಷ್ಟೇ ಹೊತ್ತು ಕೂತರೂ 1020ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ನಿಂತ ಸಂಖ್ಯೆಯನ್ನು ನೋಡಿ ತಲೆಗೆ ಎಷ್ಟು ಹೊಸ ಗಾಳಿ ಸಿಗುತ್ತಿದೆ ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. ನನಗೆ ಈ ಸೆನ್ಸರ್‌ನಿಂದ ನಿಜಕ್ಕೂ ಬೇಕಾಗಿರುವುದು ಅದೇ.

ಕೋಣೆಯ ಗಾಳಿ 1000 ಪಿಪಿಎಂ ದಾಟಬಾರದು ಅನ್ನುತ್ತಾರಲ್ಲ, ಆ ಗಡಿ ಎಲ್ಲಿಂದ ಬಂತು ಅಂತ ಯಾವಾಗಲೂ ಕೇಳುತ್ತಾರೆ. ಅದು ಹಳೆಯದು. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ, ಜನ ಇರುವ ಕೋಣೆಯಲ್ಲಿ ಸಾವಿರಕ್ಕೆ ಒಂದು ಪಾಲು ಮೀರಬಾರದು ಅಂದಿದ್ದರು. ಈ ಅನಿಲ ಅಷ್ಟಕ್ಕೇ ವಿಷ ಅಂತ ಅವರ ಅಭಿಪ್ರಾಯ ಆಗಿರಲಿಲ್ಲ. ಕೋಣೆಯಲ್ಲಿ ಇನ್ನೊಬ್ಬರ ಉಸಿರು ಎಷ್ಟು ತುಂಬಿದೆ ಅನ್ನುವುದಕ್ಕೆ ಅದು ಗುರುತು. ಕೆಲಸದ ಜಾಗಗಳಿಗೆ ಹಲವು ದೇಶಗಳು ಇಟ್ಟಿರುವ ಎಂಟು ಗಂಟೆಯ ಮಿತಿ 5000. ಹಾಗಾಗಿ 1100 ಕಂಡ ಕೂಡಲೇ ಗಾಬರಿಯಾಗಬೇಡಿ, ಕಿಟಕಿ ತೆಗೆಯಿರಿ.

ಸರಿ, ಬೈಟ್‌ಗಳಿಗೆ ಬರೋಣ. ವಿನ್‌ಸೆನ್ ಕಂಪನಿಯ ಎಂಎಚ್-ಝಡ್19 ತುಂಬಾ ಜನರ ಕೈಯಲ್ಲಿರುವ ಸೆನ್ಸರ್. ಇದರ ಜೊತೆ ಮಾತು ಸೀರಿಯಲ್ ಪೋರ್ಟ್‌ನಲ್ಲಿ, ಅಂದರೆ ಬಿಟ್‌ಗಳು ಒಂದರ ಹಿಂದೆ ಒಂದು ಸಾಗುವ ತಂತಿಯಲ್ಲಿ, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ. ನಾವು ಒಂಬತ್ತು ಬೈಟ್ ಕಳಿಸಬೇಕು: 255, 1, 134, ಆಮೇಲೆ ಐದು ಸೊನ್ನೆ, ಕೊನೆಗೆ 121. ಅದು ಒಂಬತ್ತು ಬೈಟ್ ವಾಪಸ್ ಕೊಡುತ್ತದೆ. ಒಂದು ಉತ್ತರ ಹೀಗಿದೆ ಅಂದುಕೊಳ್ಳಿ: 255, 134, 2, 96, 71, 0, 0, 0, 209. ಮೂರನೆಯದನ್ನು 256ರಿಂದ ಗುಣಿಸಿ ನಾಲ್ಕನೆಯದನ್ನು ಕೂಡಿಸಿ. 2 ಗುಣಿಸು 256 ಅಂದರೆ 512, ಅದಕ್ಕೆ 96, ಒಟ್ಟು 608 ಪಿಪಿಎಂ. ಐದನೆಯದರಲ್ಲಿ 40 ಕಳೆದರೆ ಸೆನ್ಸರ್ ಒಳಗಿನ ಉಷ್ಣಾಂಶ, ಇಲ್ಲಿ 31 ಡಿಗ್ರಿ. ಇದನ್ನು ಕೋಣೆಯ ಉಷ್ಣಾಂಶ ಅಂತ ತೋರಿಸಬೇಡಿ, ದೀಪದ ಬಿಸಿಯೂ ಅದರಲ್ಲಿ ಸೇರಿರುತ್ತದೆ.

ಕೊನೆಯ 209 ಏನು? ಅದು ಚೆಕ್‌ಸಮ್, ಬೈಟ್‌ಗಳು ದಾರಿಯಲ್ಲಿ ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ. ಮೊದಲನೆಯದು ಬಿಟ್ಟು ನಡುವಿನ ಏಳೂ ಬೈಟ್ ಕೂಡಿಸಿ. 134, 2, 96, 71, ಒಟ್ಟು 303. ಒಂದು ಬೈಟ್‌ನಲ್ಲಿ 255ರವರೆಗೆ ಮಾತ್ರ ಜಾಗ, ಹಾಗಾಗಿ 256 ಕಳೆದರೆ 47. 256ರಿಂದ 47 ಕಳೆಯಿರಿ. 209. ಸರಿ ಹೋಯಿತು. ಸರಿ ಹೋಗದಿದ್ದರೆ ಆ ಒಂಬತ್ತೂ ಬೈಟ್ ಎಸೆದು ಇನ್ನೊಮ್ಮೆ ಕೇಳಬೇಕು. ತಂತಿಯಲ್ಲಿ ಒಂಬತ್ತು ಬೈಟ್ ಬರಲು ಹತ್ತು ಮಿಲಿಸೆಕೆಂಡೂ ಬೇಡ. ಇನ್ನೊಮ್ಮೆ ಕೇಳಲು ಜಿಪುಣತನ ಯಾಕೆ? ಆದರೂ ಎಷ್ಟೋ ಪ್ರೋಗ್ರಾಂಗಳು ಈ ಕೊನೆಯ ಬೈಟನ್ನು ನೋಡುವುದೇ ಇಲ್ಲ.

ಚೆಕ್‌ಸಮ್ ಯಾಕೆ ಇಷ್ಟು ಮುಖ್ಯ ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಹೊತ್ತು ತಗೊಳ್ಳುತ್ತೇನೆ. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ತೆರೆದರೆ, ಸಿಸ್ಟಂ ಅದನ್ನು ಹಳೇ ಕಾಲದ ಟೆಲಿಟೈಪ್ (ತಂತಿಗೆ ಜೋಡಿಸಿದ ಟೈಪ್‌ರೈಟರ್) ಅಂತಲೇ ನೋಡುತ್ತದೆ. ಆ ಕಡೆ ಒಬ್ಬ ಮನುಷ್ಯ ಕೂತು ಟೈಪ್ ಮಾಡುತ್ತಿದ್ದಾನೆ ಅಂತ ಅದರ ನಂಬಿಕೆ. ಆದ್ದರಿಂದ 13 ಅನ್ನುವ ಬೈಟ್ ಬಂದರೆ ಅದು ಎಂಟರ್ ಕೀ ಅಂದುಕೊಂಡು 10 ಮಾಡಿ ಕೊಡುತ್ತದೆ. 17, 19 ಬಂದರೆ ಅವು 'ಮುಂದುವರಿಸು', 'ನಿಲ್ಲಿಸು' ಅನ್ನುವ ಸೂಚನೆ ಅಂದುಕೊಂಡು ಅವನ್ನು ನುಂಗಿಬಿಡುತ್ತದೆ. 3 ಬಂದರೆ ಕಂಟ್ರೋಲ್-ಸಿ ಒತ್ತಿದರು ಅಂತ ಅದನ್ನೂ ನುಂಗುತ್ತದೆ. ಪೋರ್ಟನ್ನು ಪೂರ್ತಿ ರಾ ಮೋಡ್‌ಗೆ, ಅಂದರೆ ಬಂದ ಬೈಟನ್ನು ಬಂದ ಹಾಗೇ ಕೊಡುವ ಸ್ಥಿತಿಗೆ, ಹಾಕಿದರೆ ಈ ಯಾವ ಗೋಳೂ ಇಲ್ಲ. ಕೆಲವರು ಎಂಟರ್ ಬಂದು ಸಾಲು ಮುಗಿಯಲಿ ಅಂತ ಸಿಸ್ಟಂ ಕಾಯುವುದನ್ನು ಮಾತ್ರ ನಿಲ್ಲಿಸಿ ಉಳಿದದ್ದನ್ನು ಹಾಗೇ ಬಿಡುತ್ತಾರೆ. ಆಗ ನಡೆಯುವುದು ನೋಡಿ. ನಿಜವಾದ ಸಂಖ್ಯೆ 525 ಇದೆ ಅಂದುಕೊಳ್ಳಿ. ಅದು 2 ಮತ್ತು 13 ಆಗಿ ಬರುತ್ತದೆ. 13 ಹೋಗಿ 10 ಆಯಿತು. ಟೂಲ್ 522 ಅನ್ನುತ್ತದೆ. ಮೂರೇ ಪಿಪಿಎಂ ತಪ್ಪು, ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಣೆ ತುಂಬುತ್ತಾ ಬಂದು 768 ಮುಟ್ಟಿತು ಅನ್ನಿ. 768 ಅಂದರೆ 3 ಗುಣಿಸು 256. ಅಲ್ಲಿಂದ 1023ರವರೆಗೆ ಪ್ರತಿ ಉತ್ತರದಲ್ಲೂ ಮೂರನೇ ಬೈಟ್ 3. ಸಿಸ್ಟಂ ಅದನ್ನು ನುಂಗುತ್ತದೆ, ಉತ್ತರ ಪೂರ್ತಿ ಬರುವುದೇ ಇಲ್ಲ. 1024 ದಾಟಿದರೆ ಮತ್ತೆ ಎಲ್ಲ ಸರಿ! ಬೆಳಿಗ್ಗೆ ಖಾಲಿ ಕೋಣೆಯಲ್ಲಿ ಚೆನ್ನಾಗಿ ಓಡುವ ಟೂಲ್, ಜನ ಬಂದ ಮೇಲೆ ಕೈ ಕೊಡುತ್ತದೆ, ಇನ್ನಷ್ಟು ಜನ ಬಂದರೆ ತಾನಾಗಿಯೇ ಸರಿಯಾಗುತ್ತದೆ. ತಂತಿ ಸಡಿಲ ಇರಬೇಕು ಅಂತ ಜನ ಬೆಸುಗೆ ಹಾಕುತ್ತಾ ಕೂರುತ್ತಾರೆ. ಚೆಕ್‌ಸಮ್ ನೋಡಿದ್ದರೆ 525ರ ಹೊತ್ತಿಗೇ ಏನೋ ಎಡವಟ್ಟಿದೆ ಅಂತ ಗೊತ್ತಾಗುತ್ತಿತ್ತು.

ಸೆನ್ಸ್‌ಏರ್ ಎಸ್8 ಕೂಡ ಸೀರಿಯಲ್ಲೇ, ಆದರೆ ಮಾಡ್‌ಬಸ್ ಅನ್ನುವ ಕಾರ್ಖಾನೆ ಭಾಷೆ ಮಾತಾಡುತ್ತದೆ. ಚೆಕ್‌ಸಮ್ ಬದಲು 16 ಬಿಟ್‌ನ ಸಿಆರ್‌ಸಿ, ತಾಳೆ ನೋಡುವ ಇನ್ನೂ ಗಟ್ಟಿ ಲೆಕ್ಕ. ಬೈಟ್ ಅದಲು ಬದಲಾದರೂ ಹಿಡಿಯುತ್ತದೆ, ಬರೀ ಕೂಡುವ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಉಳಿದದ್ದು ಹೆಚ್ಚು ಕಡಿಮೆ ಅದೇ ಕಥೆ.

ಯುಎಸ್‌ಬಿ ಡಬ್ಬಿಯ ಕಥೆ ಮಾತ್ರ ತಮಾಷೆಯಾಗಿದೆ. ಮೇಜಿನ ಮೇಲಿಡುವ, ಹಸಿರು, ಹಳದಿ, ಕೆಂಪು ದೀಪ ಇರುವ ಒಂದು ಸಣ್ಣ ಮೀಟರ್ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತದೆ. ಒಳಗೆ ಎಲ್ಲವೂ ಒಂದೇ. ಕಂಪ್ಯೂಟರ್‌ಗೆ ಚುಚ್ಚಿದರೆ ಗುರುತು 04ಡಿ9, ಎ052. ಕೀಬೋರ್ಡ್, ಮೌಸ್ ಇರುವ ವರ್ಗದಲ್ಲೇ ಬರುತ್ತದೆ, ಹಾಗಾಗಿ ಡ್ರೈವರ್ ಬೇಡ. ಎಂಟೆಂಟು ಬೈಟ್ ತಾನಾಗಿಯೇ ಕಳಿಸುತ್ತಿರುತ್ತದೆ, ನಾವು ಕೇಳುವುದೇ ಬೇಡ. ಆದರೆ ಆ ಎಂಟು ಬೈಟ್ ನೋಡಿದರೆ ತಲೆಬುಡ ಇಲ್ಲ. ಯಾಕೆಂದರೆ ತಯಾರಿಸಿದವರು ಅದನ್ನು ಎನ್‌ಕ್ರಿಪ್ಟ್ ಮಾಡಿದ್ದಾರೆ, ಅಂದರೆ ಗುಟ್ಟಿನ ಲಿಪಿಗೆ ತಿರುಗಿಸಿದ್ದಾರೆ. ಕೋಣೆಯ ಗಾಳಿಯ ಅಳತೆಗೆ ಗುಟ್ಟು ಬೇರೆ! 2015ರಲ್ಲಿ ಒಬ್ಬ ಜರ್ಮನ್ ಸೆಕ್ಯುರಿಟಿ ಸಂಶೋಧಕ ಅದನ್ನು ಬಿಡಿಸಿ ಎಲ್ಲರಿಗೂ ಹಂಚಿದರು. ಒಳಗೆ ಇದ್ದದ್ದು ಹೀಗೆ. ಎಂಟು ಬೈಟ್‌ಗಳ ಜಾಗ ಅದಲು ಬದಲು, ಒಂದು ಕೀ ಜೊತೆ ಎಕ್ಸಾರ್ (ಬಿಟ್‌ಗೆ ಬಿಟ್ ಹೋಲಿಸಿ ಬೆರೆಸುವ ಲೆಕ್ಕ), ಮೂರು ಬಿಟ್ ಪಕ್ಕಕ್ಕೆ ಸರಿಸುವುದು, ಆಮೇಲೆ 'ಎಚ್‌ಟೆಂಪ್99ಇ' ಅನ್ನುವ ಗುಟ್ಟಿನ ಪದದ ಬಿಟ್‌ಗಳನ್ನು ತಿರುಗುಮುರುಗು ಮಾಡಿ ಅದರಿಂದ ಕಳೆಯುವುದು. ಇಷ್ಟೆಲ್ಲ ಕಸರತ್ತಿಗೆ ಬೇಕಾದ ಕೀ ಯಾರು ಕೊಡುತ್ತಾರೆ ಗೊತ್ತಾ? ನಾವೇ. ಮೀಟರ್ ತೆರೆದಾಗ ನಮಗಿಷ್ಟ ಬಂದ ಎಂಟು ಬೈಟ್ ಕಳಿಸುತ್ತೇವೆ, ಅದು ಅದನ್ನೇ ಹಿಡಿದು ಬೀಗ ಹಾಕುತ್ತದೆ.

ಬಿಡಿಸಿದ ಮೇಲೆ ಸಲೀಸು. ಮೊದಲ ಬೈಟ್ ಏನು ಅಂತ ಹೇಳುತ್ತದೆ. 80 ಇದ್ದರೆ ಕಾರ್ಬನ್ ಡೈಆಕ್ಸೈಡ್, 66 ಇದ್ದರೆ ಉಷ್ಣಾಂಶ. ಮುಂದಿನ ಎರಡು ಬೈಟ್ ಅದರ ಸಂಖ್ಯೆ, ನಾಲ್ಕನೆಯದು ಮೊದಲ ಮೂರರ ಮೊತ್ತ, ಐದನೆಯದು ಯಾವಾಗಲೂ 13. ಪರದೆಯ ಆ 852ನ್ನು ಇದು 80, 3, 84, 167, 13 ಅಂತ ಕಳಿಸುತ್ತದೆ. ಉಷ್ಣಾಂಶ 66, 18, 177 ಅಂತ ಬಂದರೆ 4785. ಅದನ್ನು 16ರಿಂದ ಭಾಗಿಸಿದರೆ ಕೆಲ್ವಿನ್, 273.15 ಕಳೆದರೆ 25.9 ಡಿಗ್ರಿ ಸೆಲ್ಸಿಯಸ್. ಈಚಿನ ಮೀಟರ್‌ಗಳು ಗುಟ್ಟು ಕೈಬಿಟ್ಟು ನೇರವಾಗಿಯೇ ಕಳಿಸುತ್ತವೆ. ಬಂದ ಬೈಟ್‌ಗಳಲ್ಲಿ ಐದನೆಯದು ಆಗಲೇ 13 ಇದ್ದು, ಮೊತ್ತವೂ ಸರಿ ಇದ್ದರೆ ಬಿಡಿಸುವ ಕೆಲಸ ಬೇಡ ಅಂತ ಟೂಲ್ ತಾನೇ ತಿಳಿದುಕೊಳ್ಳಬಹುದು. ಇದಕ್ಕೆ ಸಿಒ2ಮಾನ್ ಅನ್ನುವ ಮುಕ್ತ ತಂತ್ರಾಂಶ ಮೊದಲಿಂದಲೂ ಇದೆ. ಈ ಮೀಟರ್ ಒಂದೇ ಸಾಕು ಅನ್ನುವವರು ಅದನ್ನೇ ಬಳಸಿ.

ಸಂಖ್ಯೆ ಸಿಕ್ಕಿತು. ಈಗ ಅದನ್ನು ಹೇಗೆ ಹೇಳಬೇಕು? ಪ್ರೋಗ್ರಾಂನಿಂದ ಮಾತು ಹೊರಗೆ ಬರಲು ಎರಡು ದಾರಿ ಇವೆ. ಅಳತೆ ಮಾತ್ರ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಬೇಕು. 'ಪೋರ್ಟ್ ತೆರೆಯುತ್ತಿದ್ದೇನೆ', 'ಸೆನ್ಸರ್ ಬಿಸಿಯಾಗುತ್ತಿದೆ' ಅನ್ನುವ ಹರಟೆಯೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ. ಟರ್ಮಿನಲ್‌ನಲ್ಲಿ ಎರಡೂ ಒಟ್ಟಿಗೇ ಕಾಣುತ್ತವೆ, ಫೈಲಿಗೆ ಕಳಿಸಿದಾಗ ಅಳತೆ ಮಾತ್ರ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಜಾಸ್ತಿ ಎಳೆಯುವುದಿಲ್ಲ.

ಅಳತೆ ಸಿಗದಿದ್ದಾಗ ಏನು ಪ್ರಿಂಟ್ ಮಾಡಬೇಕು ಅನ್ನುವುದರಲ್ಲಿ ಜಗಳ ಇದೆ. ತುಂಬಾ ಟೂಲ್‌ಗಳು 0 ಹಾಕುತ್ತವೆ, ಕೆಲವು -1. ನಾನು ಇದಕ್ಕೆ ಬಿಲ್‌ಕುಲ್ ಒಪ್ಪುವುದಿಲ್ಲ. ಒಂಬತ್ತು ಸಲ 900 ಬಂದು ಹತ್ತನೇ ಸಲ ತಂತಿ ಅಲುಗಾಡಿ 0 ಬಿದ್ದರೆ ಸರಾಸರಿ 810. ಗ್ರಾಫ್ ನೋಡಿದವರು ಗಾಳಿ ಸುಧಾರಿಸಿತು ಅಂದುಕೊಳ್ಳುತ್ತಾರೆ. ಭೂಮಿಯ ಮೇಲೆ ಯಾವ ಕೋಣೆಯಲ್ಲೂ 0 ಪಿಪಿಎಂ ಇರುವುದಿಲ್ಲ, ಆದರೆ ಸರಾಸರಿ ತೆಗೆಯುವ ಪ್ರೋಗ್ರಾಂಗೆ ಅದು ಗೊತ್ತಿಲ್ಲ. ಅಳತೆ ಇಲ್ಲ ಅಂದರೆ ಆ ಸಾಲೇ ಬೇಡ. ಒಂದೇ ಸಲ ಓದುವಾಗ ಎಕ್ಸಿಟ್ ಕೋಡ್, ಅಂದರೆ ಪ್ರೋಗ್ರಾಂ ಮುಗಿಯುವಾಗ ಸಿಸ್ಟಂಗೆ ಕೊಡುವ ಸಂಖ್ಯೆ, ಕಾರಣ ಹೇಳಲಿ: 0 ಅಂದರೆ ಸರಿ, 1 ಅಂದರೆ ಸೆನ್ಸರೇ ಸಿಗಲಿಲ್ಲ, 2 ಅಂದರೆ ಸಿಕ್ಕಿತು ಆದರೆ ಉತ್ತರ ಕೊಡಲಿಲ್ಲ, 3 ಅಂದರೆ ಉತ್ತರ ಕೆಟ್ಟಿದೆ. ಬಿಡದೆ ಓದುತ್ತಿರುವಾಗ ಒಂದೆರಡು ಸಲ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಲಿ. ಸಾಲಾಗಿ ಹತ್ತು ಸಲ ತಪ್ಪಿದರೆ ಕೋಡ್ ಕೊಟ್ಟು ಹೊರಗೆ ಬರಲಿ. ಮತ್ತೆ ಎಬ್ಬಿಸುವ ಕೆಲಸ ಸಿಸ್ಟಂಡಿಯದು, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಅದು.

ಬಫರ್, ಅಂದರೆ ಕಳಿಸುವ ಮುಂಚೆ ಸಾಲು ಕೂಡಿಡುವ ಜಾಗ, ಅದರ ವಿಷಯ ಕೂಡ ಹೇಳಬೇಕು. ನೇರ ಟರ್ಮಿನಲ್‌ನಲ್ಲಿ ಓಡಿಸಿದರೆ ಪ್ರತಿ ಸಾಲೂ ತಕ್ಷಣ ಕಾಣುತ್ತದೆ. ಅದೇ ಟೂಲ್ ಮುಂದೆ ಪೈಪ್ ಹಾಕಿ ಆಕ್‌ಗೆ (ಸಾಲು ಸಾಲಾಗಿ ಟೆಕ್ಸ್ಟ್ ಓದಿ ಕೆಲಸ ಮಾಡುವ ಪ್ರೋಗ್ರಾಂ) ಕೊಟ್ಟ ಕೂಡಲೇ ಏನೂ ಬರುವುದಿಲ್ಲ. ಜನ ಟೂಲ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಆಗಿರುವುದು ಇಷ್ಟೇ, ಆ ಕಡೆ ಪೈಪ್ ಇದೆ ಅಂತ ಕಂಡಾಗ ಸಿ ಲೈಬ್ರರಿ ಸಾಲುಗಳನ್ನು ಗುಡ್ಡೆ ಹಾಕಿಕೊಂಡು ಒಟ್ಟಿಗೆ ಕಳಿಸುತ್ತದೆ. ನಮ್ಮ ಸಾಲು 25 ಬೈಟ್. ಬಫರ್ 4096 ಬೈಟ್ ಇದ್ದರೆ 160ಕ್ಕೂ ಜಾಸ್ತಿ ಸಾಲು ಸೇರಬೇಕು. ಐದು ಸೆಕೆಂಡಿಗೊಂದು ಸಾಲು ಅಂದರೆ 13 ನಿಮಿಷ ಮೌನ. ಪ್ರತಿ ಸಾಲಿನ ಕೊನೆಗೆ ಫ್ಲಶ್ ಮಾಡಿಬಿಡಿ, ಅಂದರೆ ಕೂಡಿಡದೆ ಆಗಲೇ ಕಳಿಸಿಬಿಡಿ. ಹನ್ನೆರಡು ಸಾಲು ನಿಮಿಷಕ್ಕೆ, ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಸಮಯ ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಗಡಿಯಾರದಲ್ಲಿರಲಿ. ಎಲ್ಲ ಅಧಿಕಾರ ಇರುವ ರೂಟ್ ಆಗಿ ಓಡಿಸಬೇಡಿ, ಸಾಮಾನ್ಯ ಬಳಕೆದಾರರಿಗೆ ಸೆನ್ಸರ್ ತೆರೆಯಲು ಅನುಮತಿ ಕೊಡುವ ಯೂಡೆವ್ ನಿಯಮ ಒಂದು ಸಾಲು ಸಾಕು. ಇನ್ನೊಂದು, ಬೀಗ. ಒಂದೇ ಸೀರಿಯಲ್ ಪೋರ್ಟನ್ನು ಎರಡು ಪ್ರೋಗ್ರಾಂ ಓದಿದರೆ, ಯಾರು ಮೊದಲು ಕೈ ಚಾಚುತ್ತಾರೋ ಬೈಟ್ ಅವರಿಗೆ. ನಿಮಗೆ ಐದು, ಅವರಿಗೆ ನಾಲ್ಕು. ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ಕ್ರಾನ್‌ನಲ್ಲಿ ಒಂದು ಓಡುತ್ತಿರುವುದನ್ನು ಮರೆತು ಕೈಯಿಂದ ಇನ್ನೊಂದು ಓಡಿಸಿದಾಗ ಆಗುವುದು ಇದೇ. ಪೋರ್ಟ್ ತೆರೆದ ತಕ್ಷಣ ಲಾಕ್ ಹಾಕಿ, ಸಿಗದಿದ್ದರೆ ಯಾರೋ ಬಳಸುತ್ತಿದ್ದಾರೆ ಅಂತ ಸ್ಪಷ್ಟವಾಗಿ ಹೇಳಿ ಹೊರಗೆ ಬನ್ನಿ.

ಈಗ ಒಂದು ಚಿಕ್ಕ ಪ್ರಯೋಗ. ಸೆನ್ಸರ್ ಹತ್ತಿರ ನಿಧಾನಕ್ಕೆ ಉಸಿರು ಬಿಡುತ್ತಿದ್ದೇನೆ. ಪರದೆ ನೋಡುತ್ತಿರಿ. ತಕ್ಷಣ ಏನೂ ಇಲ್ಲ, ಅಲ್ವಾ? ಗಾಳಿ ಒಳಗಿನ ಕೋಣೆಗೆ ಹೋಗಿ ಬೆರೆಯಬೇಕು. ಡೇಟಾಶೀಟ್ ಪ್ರಕಾರ ಬದಲಾವಣೆಯ ಶೇಕಡಾ 90 ಕಾಣಿಸಲು ಎರಡು ನಿಮಿಷದವರೆಗೂ ಬೇಕಾಗಬಹುದು. ಹಾಂ, ಏರುತ್ತಿದೆ. 1300. 2600. 4400. 5000. ಮತ್ತೆ 5000. ಅಲ್ಲೇ ನಿಂತಿತು. ನನ್ನ ಉಸಿರಿನಲ್ಲಿ ಸರಿಯಾಗಿ 5000 ಇದೆ ಅಂತ ಇದರ ಅರ್ಥ ಅಲ್ಲ. ಈ ಸೆನ್ಸರ್ ಎಣಿಸುವುದೇ ಅಲ್ಲಿವರೆಗೆ. ಹಾಗಾಗಿ ಮೇಲಿನ ಗಡಿ ಮುಟ್ಟಿದಾಗ ಟೂಲ್ ಎರರ್ ಕಡೆಗೆ ಒಂದು ಎಚ್ಚರಿಕೆ ಕೊಡುತ್ತದೆ, ಕಾಣಿಸುತ್ತಿದೆಯಲ್ಲ. ಸಂಖ್ಯೆಯ ಏರಿಳಿತ ನುಣುಪು ಮಾಡಿ ಕೊಡಿ ಅಂತಲೂ ಕೆಲವರು ಕೇಳುತ್ತಾರೆ. ಬೇಡ. ನುಣುಪು ಮಾಡಿದ್ದನ್ನು ಮತ್ತೆ ಒರಟು ಮಾಡಲಾಗುವುದಿಲ್ಲ. ಬಂದದ್ದನ್ನು ಬಂದ ಹಾಗೆ ಕೊಡಿ, ಸರಾಸರಿ ಬೇಕಾದವರು ಪೈಪ್‌ನ ಆ ಕಡೆ ತೆಗೆದುಕೊಳ್ಳಲಿ.

ಎಲ್ಲ ಬೈಟ್ ಸರಿ ಇದ್ದು, ಚೆಕ್‌ಸಮ್ ಸರಿ ಇದ್ದು, ಆದರೂ ಸಂಖ್ಯೆ ಸುಳ್ಳಾಗಬಹುದು. ಕರೆಂಟ್ ಕೊಟ್ಟ ಮೊದಲ ಮೂರು ನಿಮಿಷ ಎಂಎಚ್-ಝಡ್19 ಬಿಸಿಯಾಗುತ್ತಿರುತ್ತದೆ, ಆಗ ಬರುವುದನ್ನು ನಂಬುವ ಹಾಗಿಲ್ಲ. ಎತ್ತರದ ಜಾಗದಲ್ಲೂ ಕಷ್ಟ ಇದೆ. ಸೆನ್ಸರ್ ಎಣಿಸುವುದು ಬೆಳಕಿನ ದಾರಿಯಲ್ಲಿ ಸಿಕ್ಕ ಅಣುಗಳನ್ನು. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ಶೇಕಡಾ 11 ಕಡಿಮೆ. ಅಲ್ಲಿ ನಿಜವಾದ 1000 ಇದ್ದರೂ 890ರ ಹತ್ತಿರ ತೋರಿಸುತ್ತದೆ. ಎಸ್‌ಸಿಡಿ30, ಎಸ್‌ಸಿಡಿ41ಗಳಿಗೆ ಎತ್ತರ ಅಥವಾ ಒತ್ತಡ ಹೇಳಿಕೊಡಬಹುದು. ಅದಕ್ಕೆ ಟೂಲ್‌ನಲ್ಲಿ ಒಂದು ಆಯ್ಕೆ ಇಡಲೇಬೇಕು.

ಇದಕ್ಕಿಂತ ದೊಡ್ಡ ತಲೆನೋವು ತಾನಾಗಿಯೇ ನಡೆಯುವ ಕ್ಯಾಲಿಬ್ರೇಶನ್, ಅಂದರೆ ಅಳತೆಯನ್ನು ಗೊತ್ತಿರುವ ಸಂಖ್ಯೆಗೆ ಹೊಂದಿಸುವುದು. ದೀಪ ಹಳೆಯದಾಗುತ್ತಾ ಮಂಕಾಗುತ್ತದೆ, ಸಂಖ್ಯೆ ಜಾರುತ್ತದೆ. ಅದನ್ನು ಸರಿಪಡಿಸಲು ಸೆನ್ಸರ್ ಒಂದು ಉಪಾಯ ಮಾಡುತ್ತದೆ. ಕೆಲವು ಸೆನ್ಸರ್ ದಿನಕ್ಕೆ ಒಂದು ಸಲ, ಇನ್ನು ಕೆಲವು ವಾರಕ್ಕೆ ಒಂದು ಸಲ, ಈ ಅವಧಿಯಲ್ಲಿ ಕಂಡ ಅತಿ ಕಡಿಮೆ ಸಂಖ್ಯೆ ಹೊರಗಿನ ಗಾಳಿಯದ್ದೇ ಇರಬೇಕು ಅಂತ ಅಂದುಕೊಂಡು ಅದನ್ನು 400 ಅಂತ ಹಿಡಿಯುತ್ತದೆ. ರಾತ್ರಿ ಖಾಲಿಯಾಗುವ ಆಫೀಸಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಹೊರಗೆ ಈಗ 420 ದಾಟಿರುವುದರಿಂದ ಒಂದಿಷ್ಟು ಪಿಪಿಎಂ ಕಡಿಮೆ ತೋರಿಸಬಹುದು ಅಷ್ಟೇ. ಆದರೆ ಯಾವಾಗಲೂ ಜನ ಇರುವ, ಕಿಟಕಿ ತೆಗೆಯದ ಕೋಣೆಯಲ್ಲಿ ಇಟ್ಟರೆ? ಅಲ್ಲಿ ಅತಿ ಕಡಿಮೆ ಅಂದರೂ 700. ಸೆನ್ಸರ್ ಅದನ್ನೇ 400 ಅನ್ನುತ್ತದೆ. ಬಟ್ಟಲು ತೆಗೆಯದೆ ತಕ್ಕಡಿಯನ್ನು ಸೊನ್ನೆಗೆ ತಂದ ಹಾಗೆ. ಅಲ್ಲಿಂದ ಮುಂದೆ ಎಲ್ಲ ಅಳತೆಯೂ 300 ಕಡಿಮೆ. ಗಾಳಿ ಕೆಟ್ಟಿರುವ ಕೋಣೆಯಲ್ಲೇ ಸೆನ್ಸರ್ ಒಳ್ಳೆಯ ಸುದ್ದಿ ಹೇಳುತ್ತದೆ. ಅಂಥ ಕಡೆ ಇದನ್ನು ಆಫ್ ಮಾಡಿ. ಎಂಎಚ್-ಝಡ್19ರಲ್ಲಿ ಅದಕ್ಕೆ 121ನೇ ಕಮಾಂಡ್ ಇದೆ, ಮುಂದಿನ ಬೈಟ್ 160 ಆದರೆ ಆನ್, 0 ಆದರೆ ಆಫ್. ಆಮೇಲೆ ಆಗಾಗ ಸೆನ್ಸರನ್ನು ಹೊರಗಿನ ಗಾಳಿಗೆ ಒಯ್ದು, 20 ನಿಮಿಷಕ್ಕೂ ಜಾಸ್ತಿ ಓಡಲು ಬಿಟ್ಟು, ಕೈಯಿಂದ ಕ್ಯಾಲಿಬ್ರೇಟ್ ಮಾಡಿ. ಈ ಕಮಾಂಡ್ ಮಾತ್ರ ಟೂಲ್ ಸುಲಭವಾಗಿ ಕಳಿಸಬಾರದು. ಕೋಣೆಯೊಳಗೆ ಕೈತಪ್ಪಿ ಒತ್ತಿದರೆ ಸೆನ್ಸರ್ ಅದನ್ನೇ ನಂಬುತ್ತದೆ. ನನ್ನ ಟೂಲ್ ಮೊದಲು ಈಗಿನ ಅಳತೆ ತೋರಿಸುತ್ತದೆ, ನಿಜಕ್ಕೂ ಹೊರಗಿದ್ದೀರಾ ಅಂತ ಕೇಳುತ್ತದೆ, 'ಹೌದು' ಅಂತ ಪೂರ್ತಿ ಟೈಪ್ ಮಾಡಿದರೆ ಮಾತ್ರ ಮುಂದೆ ಹೋಗುತ್ತದೆ.

ಒಬ್ಬರು ಕೇಳಿದ ಪ್ರಶ್ನೆ: 1000 ದಾಟಿದಾಗ ಗಂಟೆ ಬಾರಿಸುವ ಹಾಗೆ ಟೂಲ್‌ನಲ್ಲೇ ಮಾಡಬಹುದಲ್ಲ? ಮಾಡಬಹುದು, ಆದರೆ ಅದು ಪೈಪ್‌ನ ಆ ಕಡೆಯ ಕೆಲಸ. ನಾಲ್ಕು ಸಾಲಿನ ಆಕ್ ಸಾಕು. ಗಡಿ ಒಂದೇ ಇಟ್ಟರೆ 998, 1003, 997 ಅಂತ ಆಡುವಾಗ ಗಂಟೆ ನಿಲ್ಲುವುದೇ ಇಲ್ಲ. ಈ ಸೆನ್ಸರ್‌ನ ನಿಖರತೆಯೇ 50 ಪಿಪಿಎಂ ಮತ್ತು ಅಳತೆಯ ಶೇಕಡಾ 5 ಸೇರಿದಷ್ಟು. ಅಂದರೆ 1000ದಲ್ಲಿ ನೂರು ಆ ಕಡೆ ಈ ಕಡೆ. ಹಾಗಾಗಿ ಎರಡು ಗಡಿ ಇಡಿ. 1000 ದಾಟಿದಾಗ ಒಮ್ಮೆ ಬಾರಿಸಿ, 800ಕ್ಕೆ ಇಳಿಯುವವರೆಗೆ ಮತ್ತೆ ಬಾರಿಸಬೇಡಿ. ಟೂಲ್ ಗೊತ್ತಿಲ್ಲದಾಗ ಸುಮ್ಮನಿರುತ್ತದೆ ಅಂತ ಹೇಳಿದೆನಲ್ಲ, ಅದನ್ನು ಇಲ್ಲಿ ಮರೆಯಬೇಡಿ. ತಂತಿ ಕಿತ್ತುಹೋದರೆ 1000 ದಾಟುವ ಸಾಲು ಬರುವುದೇ ಇಲ್ಲ, ಗಂಟೆಯೂ ಬಾರಿಸುವುದಿಲ್ಲ. ಆದ್ದರಿಂದ ಕೊನೆಯ ಸಾಲು ಬಂದು ಒಂದು ನಿಮಿಷ ಆದರೂ ಹೊಸದು ಬರದಿದ್ದರೆ, ಆಗಲೂ ಬಾರಿಸಿ. ಸದ್ದು ಮಾತ್ರ ಬೇರೆ ಇರಲಿ.